ಸೇನೆಯ ಹಳೇ ಜಿಪ್ಸಿ: ಹರಾಜಲ್ಲಿ ಗೆದ್ರೆ ಸಾಲದು

ಸೇನೆ ಕೈಬಿಟ್ಟ ಜಿಪ್ಸಿ, ಜೋಂಗಾಗಳನ್ನು ಖಾಸಗಿಯವರು ಕೊಳ್ಳಬಹುದು. ಆದರೆ ಬಾಣದ ಗುರುತಿನ ಮಿಲಿಟರಿ ನಂಬರ್ ಜೊತೆಗೆ ಬರಲ್ಲ. 1988ರ ಮೋಟಾರು ವಾಹನ ಕಾಯ್ದೆಯ 60ನೇ ಸೆಕ್ಷನ್ ಪ್ರಕಾರ, ಕೇಂದ್ರದ ಒಡೆತನ ಮುಗಿದ ಮೇಲೆ ಅದಕ್ಕೂ ಮಾಮೂಲಿ ನೋಂದಣಿ ನಿಯಮವೇ ಅನ್ವಯ. ಆರ್‌ಟಿಒ ನಂಬರ್ ಸಿಗೋ ಮುಂಚೆ ರಸ್ತೆಗಿಳಿಸಿದ್ರೆ ಮೊದಲ ಸಲವೇ 5,000 ರೂ.ವರೆಗೆ ದಂಡ. ಬಣ್ಣವೂ ಬದಲಾಗಬೇಕು: 1989ರ ಕೇಂದ್ರ ನಿಯಮಗಳ 121ನೇ ನಿಯಮ ಆಲಿವ್ ಹಸಿರನ್ನು ರಕ್ಷಣಾ ವಾಹನಗಳಿಗಷ್ಟೇ ಮೀಸಲಿಟ್ಟಿದೆ.

ಬಣ್ಣಕ್ಕಿಂತ ಮುಖ್ಯ ಸುರಕ್ಷತೆ. ಇವುಗಳಲ್ಲಿ ಏರ್‌ಬ್ಯಾಗ್ ಇಲ್ಲ. ಪಲ್ಟಿಯಾದರೆ ಕ್ಯಾನ್ವಾಸ್ ಹೊದಿಕೆ ತಲೆ ಕಾಯಲ್ಲ. ಬ್ರೇಕು, ಸ್ಟೀರಿಂಗ್, ಟೈರು ಪರೀಕ್ಷಿಸದೆ ಹೊರಡಬೇಡಿ. ಥರ್ಡ್ ಪಾರ್ಟಿ ವಿಮೆಯಂತೂ ಕಡ್ಡಾಯ. ವಿಮೆಯಿಲ್ಲದ ಗಾಡಿ ಗುದ್ದಿದರೆ ಪರಿಹಾರ ಕೊಡೋಕೆ ಕಂಪನಿಯೇ ಇರಲ್ಲ. ಆಗ ಮಾಲೀಕನ ಶೋಕಿಯ ಬೆಲೆ ತೆರೋದು ಗಾಯಗೊಂಡ ಪಾದಚಾರಿ.