ಪೂರ್ವವಿದ್ಯಾರ್ಥಿಗಳ ಋಣಸ್ಮರಣೆ: ವಿಲಿಯಮ್ಸ್ ಕಾಲೇಜು, 1821

ಮ್ಯಾಸಚೂಸೆಟ್ಸ್ ಸಂಸ್ಥಾನದ ವಾಯವ್ಯ ಮೂಲೆಯಲ್ಲಿ, ಬರ್ಕ್‌ಶೈರ್ ಗಿರಿಗಳ ನಡುವೆ 1793ರಲ್ಲಿ ಸ್ಥಾಪಿತವಾದ ಈ ವಿದ್ಯಾಲಯವು ಮಾರ್ಗದ ದುರ್ಗಮತೆಯಿಂದಲೂ ದ್ರವ್ಯಾಭಾವದಿಂದಲೂ ಸೊರಗುತ್ತಲಿದ್ದು, 1821ರಲ್ಲಿ ಅಧ್ಯಕ್ಷರಾಗಿದ್ದ ಜೆಫನಾಯ ಸ್ವಿಫ್ಟ್ ಮೂರ್ ಅವರೇ ಕೆಲವು ವಿದ್ಯಾರ್ಥಿಗಳನ್ನೊಡಗೊಂಡು ಆಮ್‌ಹರ್ಸ್ಟಿನ ನೂತನ ವಿದ್ಯಾಲಯಕ್ಕೆ ತೆರಳಿದಾಗ, ಇದರ ಅಳಿವು ಉಳಿವುಗಳೇ ಸಂದೇಹಾಸ್ಪದವಾದುವು.

ಆ ವಿಷಮ ಗಳಿಗೆಯಲ್ಲಿ, ಪದವೀದಾನದ ಉತ್ಸವಕ್ಕೆಂದು ನೆರೆದಿದ್ದ ಪೂರ್ವವಿದ್ಯಾರ್ಥಿಗಳು ತಮಗೆ ಅಕ್ಷರವಿತ್ತ ಮಾತೃಸಂಸ್ಥೆಯನ್ನು ಕೈಬಿಡಲೊಲ್ಲದೆ ಒಂದು ಸಂಘವನ್ನು ಕಟ್ಟಿದರು. ಇಂದಿಗೂ ಬಾಳುತ್ತಿರುವ ಇಂತಹ ಸಂಘಗಳಲ್ಲಿ ಇದೇ ಅತ್ಯಂತ ಪ್ರಾಚೀನವೆಂದು ಪರಿಗಣಿತವಾಗಿದೆ.

ಮೂರ್ ಅವರ ಉತ್ತರಾಧಿಕಾರಿಗಳಾದ ಎಡ್ವರ್ಡ್ ಡಾರ್ ಗ್ರಿಫಿನ್ ದಾನಿಗಳನ್ನು ಯಾಚಿಸಿ ಕೂಡಿಸಿದ ಧನದಿಂದ 1828ರಲ್ಲಿ ಎದ್ದ ಇಟ್ಟಿಗೆಯ ಪ್ರಾರ್ಥನಾಮಂದಿರವು, ಗ್ರಿಫಿನ್ ಹಾಲ್ ಎಂಬ ಹೆಸರಿನಿಂದ, ಕಾಲೇಜಿನ ಪುನರುಜ್ಜೀವನಕ್ಕೆ ಸಾಕ್ಷಿಯಾಗಿ ನಿಂತಿದೆ.

ಇಂತಹ ಋಣಸ್ಮರಣೆ ಅನ್ಯತ್ರವೂ ಕಂಡುಬಂದಿತು: 1890ರಲ್ಲಿ ಯೇಲ್ ವಿಶ್ವವಿದ್ಯಾಲಯದ ಪೂರ್ವವಿದ್ಯಾರ್ಥಿಗಳು ವಾರ್ಷಿಕ ನಿಧಿಯೊಂದನ್ನು ಸ್ಥಾಪಿಸಿ, ಶ್ರೀಮಂತನೊಬ್ಬನ ಮಹಾದಾನಕ್ಕಾಗಿ ಕಾದಿರದೆ, ಪ್ರತಿಯೊಬ್ಬನೂ ವರ್ಷಂಪ್ರತಿ ಯಥಾಶಕ್ತಿ ಸಲ್ಲಿಸುವ ಕಾಣಿಕೆಯಿಂದಲೇ ವಿದ್ಯಾಲಯವನ್ನು ಪೋಷಿಸುವ ಕ್ರಮಕ್ಕೆ ನಾಂದಿ ಹಾಡಿದರು. ಹನಿಗೂಡಿದರೆ ಹಳ್ಳವೆಂಬ ನಮ್ಮ ಹಿರಿಯರ ಮಾತು ಇಲ್ಲಿ ಸಾರ್ಥಕವಾಗಿದೆ. ವಿದ್ಯೆಯ ಋಣವು ಗುರುವಿಗೆ ಹಿಂದಿರುಗಿಸಿದಾಗ ಮಾತ್ರವಲ್ಲ, ಮುಂದೆ ಬರುವ ವಿದ್ಯಾರ್ಥಿಗೆ ದಾರಿಯಾದಾಗಲೂ ತೀರುವುದು.