‘ಎಲ್ಲಿದ್ದಿ?’ ಅಂತ ಕೇಳೋ ಅಧಿಕಾರ ಯಾರದು?

 

ಇವತ್ತಿನ ಕಥೆ ನನ್ನ ಪಾಸ್‌ಪೋರ್ಟಿನಿಂದ ಶುರು. ನನ್ನ ಊರು ಸಿರಸಂಗಿ. ಬೆಳಗಾವಿ ಜಿಲ್ಲೆ, ಸವದತ್ತಿ ತಾಲೂಕು. ಕಾಳಮ್ಮನ ಗುಡಿಯಿಂದ, ಲಿಂಗರಾಜ ದೇಸಾಯರಿಂದ ನಿಮಗೆ ಹೆಸರು ಗೊತ್ತಿರಬಹುದು. ನಾನಿರೋದು ಹುಬ್ಬಳ್ಳಿಯ ಬಾಡಿಗೆ ರೂಮಿನಲ್ಲಿ. ಪಾಸ್‌ಪೋರ್ಟಿಗೆ ಊರಿನ ವಿಳಾಸ ಕೊಟ್ಟಿದ್ದೆ. ಪೊಲೀಸ್ ಪರಿಶೀಲನೆಗೆ ಬಂದ ದಿನ ನಾನು ಮನೆಯಲ್ಲಿರಲಿಲ್ಲ. ಠಾಣೆಗೆ ಹೋದೆ. ಅಲ್ಲಿದ್ದವರು ಕೇಳಿದ್ದು ಒಂದೇ ಪ್ರಶ್ನೆ: “ಒಂದು ವರ್ಷದಿಂದ ಎಲ್ಲಿದ್ದಿ?”

ಹೇಳಿದೆ. ನಂಬಲಿಲ್ಲ. ‘ವಿಳಾಸದಲ್ಲಿ ವಾಸವಿಲ್ಲ’ ಅಂತ ವರದಿ ಹೋಯ್ತು, ಫೈಲ್ ನಿಂತುಬಿಡ್ತು. ಸಿಟ್ಟು ಬಂತು. ಆಮೇಲೆ ಗೊತ್ತಾಯ್ತು, ಪಾಸ್‌ಪೋರ್ಟ್ ಕೊಡೋದು ಪೊಲೀಸರಲ್ಲ, ಅದು ಬೇರೆ ಕಚೇರಿ. ಅಲ್ಲಿಗೆ ಹೋಗಿ ಬಾಡಿಗೆ ಕರಾರು, ಕೆಲಸದ ಪತ್ರ ಎಲ್ಲ ಕೊಟ್ಟು ಮರುಪರಿಶೀಲನೆ ಕೇಳಿದೆ. ಮಾಡಿಸಿದರು. ಪಾಸ್‌ಪೋರ್ಟ್ ಬಂತು.

ಅವತ್ತು ನನಗೆ ಅನಿಸಿದ್ದು, ಛೇ, ಎಷ್ಟು ಕಚೇರಿ ರೀ ಇವು, ಎಲ್ಲಾ ಒಂದೇ ಕಡೆ ಇರಬಾರದಾ? ಕಾಮರ್ಸ್ ಓದಿದವನು ನಾನು, ಸಿಂಗಲ್ ವಿಂಡೋ ಅಂದರೆ ಪ್ರೀತಿ. ಆದರೆ ನಮ್ಮೂರಿನ ಸುತ್ತಲಿನ ಇತಿಹಾಸ ಓದ್ತಾ ಓದ್ತಾ ಆ ಅಭಿಪ್ರಾಯ ಬದಲಾಯ್ತು. ಯಾಕೆ ಅಂತ ಹೇಳ್ತೀನಿ.

ಸ್ವಿಟ್ಜರ್ಲೆಂಡಿನಲ್ಲಿ ‘ನ್ಯಾಯ ಮತ್ತು ಪೊಲೀಸ್’ ಅಂತ ಒಂದೇ ಇಲಾಖೆ ಇದೆ. ದೇಶದೊಳಗೆ ಯಾರು ಬರಬೇಕು, ಕೇಂದ್ರ ಪೊಲೀಸ್ ಹೇಗೆ ಕೆಲಸ ಮಾಡಬೇಕು, ಯಾವ ಕಾನೂನು ಬದಲಾಗಬೇಕು, ಮೂರನ್ನೂ ಒಬ್ಬರೇ ಮಂತ್ರಿ ನೋಡ್ತಾರೆ. ಗೇಟು, ಲಾಠಿ, ಪೆನ್ನು ಅಂತ ಇಟ್ಟುಕೊಳ್ಳಿ. ನಮ್ಮಲ್ಲಿ ಅಂಥ ಮಂತ್ರಿ ಇಲ್ಲ. ಆದರೆ ಒಂದು ಕಾಲದಲ್ಲಿ ಸಿರಸಂಗಿಗೂ ಹೆಚ್ಚು ಕಡಿಮೆ ಅಂಥವರೊಬ್ಬರು ಇದ್ದರು.

ಅವರ ಹತ್ತಿರ ಹೋಗೋ ಮುಂಚೆ ಊರಿನ ನಕ್ಷೆ ನೋಡೋಣ. 1947ಕ್ಕೆ ಮುಂಚೆ ಸಿರಸಂಗಿ ಮುಂಬಯಿ ಪ್ರಾಂತ್ಯದ ಬೆಳಗಾವಿ ಜಿಲ್ಲೆಯ ಪರಸಗಡ ತಾಲೂಕಿನಲ್ಲಿತ್ತು, ಅಂದರೆ ನೇರ ಬ್ರಿಟಿಷರ ಕೈಯಲ್ಲಿ. ಬೈಕ್ ಹತ್ತಿದರೆ ಗಂಟೆಯೊಳಗೆ ಮುಟ್ಟೋ ರಾಮದುರ್ಗ ಬೇರೆಯೇ ಸಂಸ್ಥಾನ. ಭಾವೆ ಮನೆತನದ ರಾಜರದ್ದು. ನಮ್ಮಜ್ಜ ಕೊನೇವರೆಗೂ “ರಾಮದುರ್ಗಕ್ಕ ಹೋಗಿದ್ದೆ” ಅಂತಿರಲಿಲ್ಲ, “ಸಂಸ್ಥಾನಕ್ಕ ಹೋಗಿದ್ದೆ” ಅಂತಿದ್ದ. ಅದೇ ಜೋಳ, ಅದೇ ಎರೆಮಣ್ಣು, ಅದೇ ಮಾತು, ಎರಡೂ ಕಡೆ ಬೀಗರು. ಆದರೆ ಗಡಿ ದಾಟಿದರೆ ಸರ್ಕಾರ ಬೇರೆ, ಪೊಲೀಸ್ ಬೇರೆ, ಜೈಲು ಬೇರೆ. ಈ ಕಡೆ ಪೊಲೀಸರು ಆ ಕಡೆ ನುಗ್ಗಿ ಸೀದಾ ಹಿಡಕೊಂಡು ಬರೋ ಹಾಗಿರಲಿಲ್ಲ. ಆರೋಪಿಗಳ ಹಸ್ತಾಂತರಕ್ಕೇ 1903ರ ಒಂದು ಕಾಯ್ದೆ ಇತ್ತು.

ಈ ಕಡೆ ಹಳ್ಳಿಯಲ್ಲಿ ಸರ್ಕಾರ ಅಂದರೆ ಪೊಲೀಸ್ ಪಾಟೀಲ. 1867ರ ಮುಂಬಯಿ ಗ್ರಾಮ ಪೊಲೀಸ್ ಕಾಯ್ದೆ ಅವನಿಗೆ ಅಧಿಕಾರ ಕೊಟ್ಟಿತ್ತು. ಅವನ ಕೈಕೆಳಗೆ ಶೇತಸನದಿಗಳು. ಸಂಬಳದ ಬದಲು ಹೊಲ ಪಡೆದ ಕಾವಲುಗಾರರು. ಪಾಟೀಲಕಿ ಬರ್ತಿದ್ದದ್ದು ಬಹುಮಟ್ಟಿಗೆ ವಂಶದಿಂದ. ಪರೀಕ್ಷೆ ಬರೆದು ಬಂದ ಪೊಲೀಸ್ ಅಲ್ಲ, ಅಪ್ಪನಿಂದ ಮಗನಿಗೆ ಇಳಿದ ಪೊಲೀಸ್.

ಈಗ ನಿಜವಾದ ವಿಷಯಕ್ಕೆ ಬರ್ತೀನಿ. ಕ್ರಿಮಿನಲ್ ಟ್ರೈಬ್ಸ್ ಆ್ಯಕ್ಟ್. 1871ರಲ್ಲಿ ಬ್ರಿಟಿಷರು ಮೊದಲು ಉತ್ತರ ಭಾರತಕ್ಕೆ ಮಾಡಿದ ಕಾಯ್ದೆ. 1911ರಲ್ಲಿ ಇಡೀ ಬ್ರಿಟಿಷ್ ಇಂಡಿಯಾಗೆ ವಿಸ್ತರಿಸಿದರು, 1924ರಲ್ಲಿ ಒಟ್ಟುಗೂಡಿಸಿ ಹೊಸದಾಗಿ ಬರೆದರು. ಸರ್ಕಾರ ಒಂದು ಸಮುದಾಯದ ಹೆಸರನ್ನು ಗೆಜೆಟ್‌ನಲ್ಲಿ ಪ್ರಕಟಿಸಿದರೆ ಸಾಕು, ಆ ಸಮುದಾಯದಲ್ಲಿ ಹುಟ್ಟಿದವರು ಅಪರಾಧಿ ಪಟ್ಟಿಗೆ ಸೇರ್ತಿದ್ದರು. ಕಳ್ಳತನ ಮಾಡಿರಬೇಕು ಅಂತಿಲ್ಲ. ಹುಟ್ಟಿರಬೇಕು, ಅಷ್ಟೇ. ನಮ್ಮ ಉತ್ತರ ಕರ್ನಾಟಕದಲ್ಲಿ ಘಂಟಿಚೋರರು, ಹರಣಶಿಕಾರಿಗಳು, ಕೈಕಾಡಿಗಳು ಇದರ ಭಾರ ಹೊತ್ತವರು.

ಹೆಸರು ನೋಂದಣಿ, ಬೆರಳಚ್ಚು, ಆಮೇಲೆ ಹಾಜರಿ. ಗೊತ್ತಾದ ಹೊತ್ತಿಗೆ ಹೋಗಿ ಮುಖ ತೋರಿಸಬೇಕು. ರಾತ್ರಿ ಎಲ್ಲಿ ಮಲಗ್ತೀಯ ಹೇಳಬೇಕು. ಪರ ಊರಿಗೆ ಹೋಗೋದಾದರೆ ಮೊದಲೇ ತಿಳಿಸಬೇಕು. ತಪ್ಪಿದರೆ ಅದೇ ಅಪರಾಧ. ಅಂದರೆ ಮಗಳನ್ನು ಕೊಟ್ಟ ಊರಿಗೆ ಹೋಗಿ ಬರೋಕೂ ಲೆಕ್ಕ ಒಪ್ಪಿಸಬೇಕು. ನನಗೆ ಠಾಣೆಯಲ್ಲಿ ಒಂದು ಸಲ ಕೇಳಿದ ಪ್ರಶ್ನೆ, ‘ಎಲ್ಲಿದ್ದಿ?’, ಅದನ್ನು ಈ ಜನ ಬದುಕಿಡೀ ಕೇಳಿಸಿಕೊಂಡರು.

ಇನ್ನೂ ಕೆಲವರನ್ನು ಸೆಟ್ಲಮೆಂಟ್‌ಗಳಿಗೆ ಹಾಕಿದರು. ವಿಜಯಪುರ, ಗದಗ, ಹುಬ್ಬಳ್ಳಿ. ತಂತಿ ಬೇಲಿ, ಹಾಜರಿ, ಹೊರಗೆ ಹೋಗೋಕೆ ಪಾಸು. ದುಡಿಮೆ ಮಿಲ್ಲುಗಳಲ್ಲಿ. ಬ್ಯಾಲೆನ್ಸ್ ಶೀಟ್ ನೋಡೋ ಕಣ್ಣಿನಿಂದ ನೋಡಿದರೆ ಕೆಲಸ ಬಿಟ್ಟು ಹೋಗೋಕೆ ಆಗದ ಕೂಲಿಗಳು ಮಿಲ್ಲಿಗೆ ಎಷ್ಟು ಲಾಭ ಅಂತ ಅರ್ಥ ಆಗುತ್ತೆ. ಹುಬ್ಬಳ್ಳಿಯಲ್ಲಿ ಇವತ್ತಿಗೂ ‘ಸೆಟ್ಲಮೆಂಟ್’ ಅಂತಲೇ ಕರೆಯೋ ಪ್ರದೇಶ ಇದೆ. ಆಟೋದವರಿಗೆ ಅದು ಒಂದು ಸ್ಟಾಪಿನ ಹೆಸರು. ಯಾಕೆ ಆ ಹೆಸರು ಅಂತ ನಾನೂ ಎಷ್ಟೋ ವರ್ಷ ಕೇಳಿರಲಿಲ್ಲ.

ಈ ಕಾಯ್ದೆಯಲ್ಲಿ ನನ್ನನ್ನು ತಡೆದು ನಿಲ್ಲಿಸಿದ ಒಂದು ಕಲಂ ಇದೆ. ಸರ್ಕಾರ ಒಂದು ಸಮುದಾಯವನ್ನು ಪಟ್ಟಿಗೆ ಸೇರಿಸಿದ ಮೇಲೆ ಆ ಆದೇಶ ಸರಿಯೋ ತಪ್ಪೋ ಅಂತ ಯಾವ ಕೋರ್ಟೂ ಕೇಳುವ ಹಾಗಿಲ್ಲ. ಗೇಟು ಸರ್ಕಾರದ್ದು, ಲಾಠಿ ಸರ್ಕಾರದ್ದು, ಪೆನ್ನೂ ಸರ್ಕಾರದ್ದೇ. ಪಕ್ಕದ ಕಿಟಕಿ ಮುಚ್ಚಿಬಿಟ್ಟಿದ್ದರು.

1937ಕ್ಕೆ ಬರೋಣ. ಪ್ರಾಂತ್ಯಗಳಲ್ಲಿ ಚುನಾವಣೆ ಆಯ್ತು. ಆಸ್ತಿ, ಕಂದಾಯ, ಓದು ಇದ್ದವರಿಗಷ್ಟೇ ಮತ. ಆದರೂ ಚುನಾಯಿತ ಸರ್ಕಾರ. ಮುಂಬಯಿಯಲ್ಲಿ ಬಿ.ಜಿ. ಖೇರ್ ಪ್ರಧಾನಿ, ಆಗ ಪ್ರಾಂತ್ಯದ ಮುಖ್ಯಸ್ಥರಿಗೆ ಹಾಗೇ ಕರೀತಿದ್ದರು. ಗೃಹ ಮತ್ತು ಕಾನೂನು ಎರಡೂ ಖಾತೆ ಒಬ್ಬರಿಗೆ: ಕನ್ಹಯ್ಯಾಲಾಲ್ ಮಾಣಿಕಲಾಲ್ ಮುನ್ಷಿ. ವಕೀಲರು, ಗುಜರಾತಿ ಕಾದಂಬರಿಕಾರರು, ಭಾರತೀಯ ವಿದ್ಯಾಭವನ ಕಟ್ಟಿದವರು. ಸಿರಸಂಗಿಯ ಪಾಟೀಲನ ಲಾಠಿಯ ಇನ್ನೊಂದು ತುದಿ ಮುಂಬಯಿಯಲ್ಲಿ ಇವರ ಕೈಯಲ್ಲಿತ್ತು. ಕ್ರಿಮಿನಲ್ ಟ್ರೈಬ್ಸ್ ಹಾಜರಿ ಅನ್ನೋದು ದೇಶದೊಳಗಿನ ಪಾಸ್‌ಪೋರ್ಟ್ ಅಂದುಕೊಂಡರೆ ಗೇಟೂ ಅವರದ್ದೇ. ನಮ್ಮ ಭಾಗದ ‘ನ್ಯಾಯಮಂತ್ರಿ’ ಅಂತ ನಾನು ಹೇಳಿದ್ದು ಇವರನ್ನೇ.

ಮುನ್ಷಿ ಏನು ಮಾಡಿದರು? ಒಳ್ಳೇದೂ ಇದೆ. ಈ ಕಾಯ್ದೆ ಹೇಗೆ ಕೆಲಸ ಮಾಡ್ತಿದೆ ನೋಡೋಕೆ ಮುಂಬಯಿ ಸರ್ಕಾರ ಸಮಿತಿ ಮಾಡಿತು, ಅಧ್ಯಕ್ಷರು ಮುನ್ಷಿಯವರೇ. ಇಂಥ ಪ್ರಶ್ನೆಯನ್ನು ಒಬ್ಬ ಚುನಾಯಿತ ಮಂತ್ರಿ ಕೇಳಿದ್ದು ಸಣ್ಣ ವಿಷಯ ಅಲ್ಲ. ಆದರೆ ಗಮನಿಸಿ, ಪೊಲೀಸ್ ನಡೆಸೋರು ಯಾರೋ ಪೊಲೀಸ್ ಕಾಯ್ದೆ ಸರಿ ಇದೆಯಾ ಅಂತ ನೋಡೋರೂ ಅವರೇ. 1938ರ ನವೆಂಬರ್ 7ರಂದು ಕೈಗಾರಿಕಾ ವಿವಾದ ಮಸೂದೆ ವಿರುದ್ಧ ಅಂಬೇಡ್ಕರ್ ಮತ್ತು ಕಮ್ಯುನಿಸ್ಟರು ಒಟ್ಟಿಗೆ ಮುಂಬಯಿಯಲ್ಲಿ ಒಂದು ದಿನದ ಮುಷ್ಕರ ಮಾಡಿಸಿದರು. ಪೊಲೀಸರು ಗುಂಡು ಹಾರಿಸಿದರು. ಆ ಪೊಲೀಸರ ಮಂತ್ರಿಯೂ ಇವರೇ.

ಮುನ್ಷಿ ಕೆಟ್ಟವರು ಅಂತ ನಾನು ಹೇಳ್ತಿಲ್ಲ. ಒಳ್ಳೆಯವರು ಅಂತಲೇ ಇಟ್ಟುಕೊಳ್ಳಿ. ಒಬ್ಬ ಮನುಷ್ಯನಿಗೆ ಬೆಳಿಗ್ಗೆ ಪೊಲೀಸರನ್ನು ಕಾಪಾಡಬೇಕು, ಸಂಜೆ ಪೊಲೀಸರ ಕಾನೂನನ್ನು ಪ್ರಶ್ನೆ ಮಾಡಬೇಕು ಅಂದರೆ ಯಾವ ಕೆಲಸ ಮುಂದಕ್ಕೆ ಹೋಗುತ್ತೆ? ತುರ್ತಿನದ್ದು ಗೆಲ್ಲುತ್ತೆ. ಸುಧಾರಣೆ ಕಾಯುತ್ತೆ. ಹಾಗೇ ಆಯ್ತು. 1939ರ ನವೆಂಬರಿನಲ್ಲಿ ಯುದ್ಧದ ವಿಷಯಕ್ಕೆ ಕಾಂಗ್ರೆಸ್ ಮಂತ್ರಿಮಂಡಲಗಳು ರಾಜೀನಾಮೆ ಕೊಟ್ಟವು. ಕಾಯ್ದೆ ಇನ್ನೂ ಹತ್ತು ವರ್ಷ ಬದುಕಿತು.

ಅದೇ 1939ರಲ್ಲಿ ಗಡಿಯಾಚೆ ರಾಮದುರ್ಗದಲ್ಲಿ ಏನಾಗ್ತಿತ್ತು ನೋಡಿ. ಅಲ್ಲಿ ಸಮಿತಿ ಮಾಡೋಕೆ ಚುನಾಯಿತ ಮಂತ್ರಿಯೂ ಇಲ್ಲ. ಕಾನೂನು ರಾಜರದ್ದು, ಪೊಲೀಸ್ ರಾಜರದ್ದು, ಜೈಲು ರಾಜರದ್ದು. ಪ್ರಜಾಸಂಘ ಕಟ್ಟಿದ ಜನ ತೆರಿಗೆ ಇಳಿಸಿ, ಆಡಳಿತದಲ್ಲಿ ನಮಗೂ ಪಾಲು ಕೊಡಿ ಅಂದರು. ನಾಯಕರ ಬಂಧನವಾಯ್ತು. ಬಂಧನದ ಬಗ್ಗೆ ದೂರು ಯಾರಿಗೆ ಕೊಡಬೇಕು? ಬಂಧಿಸಿದವರಿಗೇ. ಏಪ್ರಿಲಿನಲ್ಲಿ ಜನ ಜೈಲಿಗೇ ನುಗ್ಗಿದರು. ಪೊಲೀಸರು ಸತ್ತರು. ಗಾಂಧೀಜಿ ‘ಹರಿಜನ’ದಲ್ಲಿ ಇದರ ಬಗ್ಗೆ ಬರೆದರು, ಹಿಂಸೆಯನ್ನು ಖಂಡಿಸಿದರು.

ಸತ್ತ ಪೊಲೀಸರು ಯಾರು? ಸಂಬಳಕ್ಕೆ ನಿಂತ ಬಡವರು. ಅವರಿಗೂ ಮನೆ ಇತ್ತು, ಮಕ್ಕಳಿದ್ದರು. ಹಾಗಾಗಿ ಇದನ್ನು ಬರೀ ವೀರಗಾಥೆ ಅಂತ ಹೇಳೋಕೆ ನನಗೆ ಮನಸ್ಸಿಲ್ಲ. ನನಗೆ ಕಾಣೋದು ಇಷ್ಟು: ಎರಡನೇ ಬಾಗಿಲು ಇಲ್ಲದ ಮನೆಯಲ್ಲಿ ಬೆಂಕಿ ಬಿದ್ದರೆ ಜನ ಗೋಡೆ ಒಡೀತಾರೆ. ಆ ಗೋಡೆ ಯಾರ ಮೇಲೆ ಬೀಳುತ್ತೆ ಅಂತ ಯಾರಿಗೂ ಗೊತ್ತಿರಲ್ಲ.

ಮುಂದೆ ಬೇಗ ಬೇಗ ನಡೆಯುತ್ತೆ. 1948ರ ಮಾರ್ಚ್‌ನಲ್ಲಿ ರಾಮದುರ್ಗ ಮುಂಬಯಿ ಪ್ರಾಂತ್ಯದಲ್ಲಿ ವಿಲೀನ, ಅಜ್ಜನ ಗಡಿ ಅಳಿಸಿಹೋಯ್ತು. 1949ರಲ್ಲಿ ಮುಂಬಯಿ ಕ್ರಿಮಿನಲ್ ಟ್ರೈಬ್ಸ್ ಆ್ಯಕ್ಟ್ ರದ್ದು ಮಾಡಿತು. 1952ರ ಆಗಸ್ಟ್ 31ಕ್ಕೆ ಇಡೀ ದೇಶದಲ್ಲಿ ಹೋಯ್ತು. ದೇಶ ಸ್ವತಂತ್ರ ಆಗಿ ಐದು ವರ್ಷದ ಮೇಲೆ ಇವರಿಗೆ ಬಿಡುಗಡೆ. ಅದಕ್ಕೇ ವಿಮುಕ್ತ ಬುಡಕಟ್ಟುಗಳು ಇವತ್ತಿಗೂ ಆಗಸ್ಟ್ 31ನ್ನು ಆಚರಿಸ್ತಾರೆ. 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ ವಂಶಪಾರಂಪರ್ಯದ ಹುದ್ದೆಗಳನ್ನೂ ತೆಗೆದುಹಾಕಿತು.

ಈ ನಡುವೆ 1950ರಲ್ಲಿ ಸಂವಿಧಾನ ಬಂತು. ಏಳನೇ ಅನುಸೂಚಿಯಲ್ಲಿ ಮೂರು ಪಟ್ಟಿ. ಪೌರತ್ವ, ವೀಸಾ, ಪಾಸ್‌ಪೋರ್ಟ್, ಯಾರು ಒಳಗೆ ಯಾರು ಹೊರಗೆ, ಇದು ಕೇಂದ್ರಕ್ಕೆ. ಪೊಲೀಸ್, ಜೈಲು ರಾಜ್ಯಕ್ಕೆ. ಕ್ರಿಮಿನಲ್ ಕಾನೂನು ಇಬ್ಬರಿಗೂ. ಕೇಂದ್ರದೊಳಗೂ ಮತ್ತೆ ಪಾಲು: ಪಾಸ್‌ಪೋರ್ಟ್ ವಿದೇಶಾಂಗ ಸಚಿವಾಲಯದ್ದು, ಏರ್‌ಪೋರ್ಟಿನಲ್ಲಿ ಮುದ್ರೆ ಒತ್ತೋ ಇಮಿಗ್ರೇಷನ್ ಗೃಹ ಸಚಿವಾಲಯದ್ದು. ನ್ಯಾಯ ಇಲಾಖೆಯೇ 2009ರವರೆಗೆ ಗೃಹ ಸಚಿವಾಲಯದಲ್ಲಿತ್ತು, ಆಮೇಲೆ ಕಾನೂನು ಸಚಿವಾಲಯಕ್ಕೆ ಹೋಯ್ತು. ಮತ್ತೆ ಇವರೆಲ್ಲರ ಮೇಲೆ, ಮುಚ್ಚೋಕೆ ಬಾರದ ಕಿಟಕಿಯಾಗಿ, ಕೋರ್ಟು.

ಇದರಲ್ಲಿ ತೊಂದರೆ ಇಲ್ಲ ಅಂತ ಅಲ್ಲ. ಬೆಂಗಳೂರು ಕೇಳಿದರೆ ದಿಲ್ಲಿ ಅಂತಾರೆ, ದಿಲ್ಲಿ ಕೇಳಿದರೆ ಬೆಂಗಳೂರು ಅಂತಾರೆ. ಅಲೆದಾಡಿದ್ದೀನಿ, ಗೊತ್ತು. ಪಟ್ಟಿ ಭಾಗ ಮಾಡಿದ ಮಾತ್ರಕ್ಕೆ ಮನಸ್ಸು ಬದಲಾಗಲ್ಲ ಅನ್ನೋದೂ ಗೊತ್ತು. ಹಳೇ ಕಾಯ್ದೆ ಹೋದ ಜಾಗಕ್ಕೆ ‘ರೂಢಿಗತ ಅಪರಾಧಿ’ ಕಾಯ್ದೆಗಳು ಬಂದವು, ಕರ್ನಾಟಕದಲ್ಲಿ 1961ರಲ್ಲಿ. 2024ರ ಅಕ್ಟೋಬರ್ 3ರಂದು ಸುಪ್ರೀಂ ಕೋರ್ಟ್ ಜೈಲುಗಳಲ್ಲಿ ಜಾತಿ ನೋಡಿ ಕೆಲಸ ಹಂಚೋದು ಸಂವಿಧಾನ ವಿರೋಧಿ ಅಂತ ಹೇಳಿತು, ಕೈದಿಗಳ ರಿಜಿಸ್ಟರಿನಿಂದ ಜಾತಿ ಕಾಲಂ ತೆಗೀರಿ ಅಂತ ಆದೇಶಿಸಿತು. ಗಮನಿಸಿ, 2024. ಹಾಜರಿ ಪುಸ್ತಕ ಇಷ್ಟು ನಿಧಾನ ಮುಚ್ಚುತ್ತೆ.

ನನ್ನ ಪಾಸ್‌ಪೋರ್ಟಿಗೆ ವಾಪಸ್ ಬರ್ತೀನಿ. ಒಬ್ಬರು ಇಲ್ಲ ಅಂದರು, ಇನ್ನೊಬ್ಬರ ಹತ್ತಿರ ಹೋದೆ. ಎರಡು ತಿಂಗಳು ಹೋಯ್ತು, ಬೈಕೊಂಡೆ. ಆದರೆ ಹೋಗೋಕೆ ಇನ್ನೊಂದು ಕಚೇರಿ ಇತ್ತು ರೀ. 1937ರಲ್ಲಿ ಹಾಜರಿ ಕೊಡ್ತಿದ್ದ ಘಂಟಿಚೋರರ ಹುಡುಗನೊಬ್ಬನಿಗೆ ಅದು ಇರಲಿಲ್ಲ. ರಾಮದುರ್ಗದ ರೈತನಿಗೂ ಇರಲಿಲ್ಲ. ಎಲ್ಲಾ ಒಂದೇ ಕಿಟಕಿಯಲ್ಲಿ ಸಿಗಲಿ ಅಂತ ನಾವು ಕೇಳೋವಾಗ, ಆ ಕಿಟಕಿ ಮುಚ್ಚಿದರೆ ಮುಂದೇನು ಅಂತಲೂ ಕೇಳ್ಕೋಬೇಕು.

ಮುಂದಿನ ಸಲ ಯಾರಾದರೂ ನಿಮ್ಮನ್ನ ‘ಎಲ್ಲಿದ್ದಿ?’ ಅಂತ ಕೇಳಿದರೆ ಉತ್ತರ ಕೊಡಿ, ಕೊಡಬೇಕಾದ್ದು ಕೊಡಲೇಬೇಕು. ಆದರೆ ಮನಸ್ಸಿನಲ್ಲಿ ಒಂದು ಲೆಕ್ಕ ಹಾಕಿ. ಇವರು ತಪ್ಪು ಬರಕೊಂಡರೆ ನಾನು ಯಾರ ಹತ್ತಿರ ಹೋಗಬಹುದು?

ನಿಮ್ಮೂರಿನಲ್ಲೂ ‘ಸೆಟ್ಲಮೆಂಟ್’ ಅನ್ನೋ ಓಣಿ ಇದ್ದರೆ, ಅಲ್ಲಿನ ಹಿರಿಯರ ಹತ್ತಿರ ಒಂದು ಸಂಜೆ ಕೂತು ಕೇಳಿ ನೋಡಿ. ಮತ್ತೆ ಸಿಗೋಣ.