ನಿಂತು ತಿಂದದ್ದು, ಕೂತು ಉಂಡದ್ದು

ಬೆಂಗಳೂರಿನಿಂದ ಮೈಸೂರಿಗೆ ಹೋಗುವ ರೈಲು ಚನ್ನಪಟ್ಟಣ ದಾಟಿದ ಮೇಲೆ ಮದ್ದೂರು ಹತ್ತಿರವಾಯಿತೆಂದು ಮೊದಲು ಗೊತ್ತಾಗುವುದು ಕಿವಿಗೆ. ‘ವಡೆ, ವಡೆ, ಮದ್ದೂರ್ ವಡೆ’ ಎಂದು ಕೂಗುತ್ತ ಬುಟ್ಟಿ ಹಿಡಿದವರು ಬೋಗಿಯಿಂದ ಬೋಗಿಗೆ ಬರುತ್ತಾರೆ. ಕಿಟಕಿಯ ಪಕ್ಕ ತೂಕಡಿಸುತ್ತಿದ್ದವರೂ ಎದ್ದು ಜೇಬಿಗೆ ಕೈಹಾಕುತ್ತಾರೆ. ಕಾಗದದ ಚೂರಿನ ಮೇಲೆ ಎರಡು ವಡೆ. ಅಂಚು ಗರಿಗರಿ, ನಡುವೆ ಮೆತ್ತಗೆ, ಹಲ್ಲಿಗೆ ಸಿಗುವ ಈರುಳ್ಳಿ ಮತ್ತು ಕರಿಬೇವು.

ಆದರೆ ಮದ್ದೂರಿನ ಹೆಸರನ್ನು ನಾಡಿನಾಚೆಗೂ ಹೊತ್ತೊಯ್ದ ಈ ವಡೆ ಮದ್ದೂರು ಸೀಮೆಯ ಮನೆಗಳಲ್ಲಿ ಹುಟ್ಟಿದ ತಿಂಡಿಯಲ್ಲ. ಅದು ದಾರಿಹೋಕರಿಗಾಗಿ ಹುಟ್ಟಿದ್ದು. ಊರಿನವರು ದಿನವೂ ಉಣ್ಣುತ್ತಿದ್ದ ಮುದ್ದೆ, ಉಪ್ಸಾರು, ಬಸ್ಸಾರು, ಹಬ್ಬದ ದಿನದ ಬಾಡು ಬಹುಕಾಲ ಯಾವ ಹೋಟೆಲಿನ ಬೋರ್ಡಿನ ಮೇಲೂ ಏರಲಿಲ್ಲ. ಮಂಡ್ಯ, ಮದ್ದೂರು, ಮಳವಳ್ಳಿಯಲ್ಲಿ ಎಲ್ಲಿ ಏನು ತಿನ್ನಬೇಕು ಎಂದು ಕೇಳುವವರಿಗೆ ಉತ್ತರ ಕೊಡಬೇಕಾದರೆ, ಪರಸ್ಥಳದವರಿಗೆ ಮಾರಿದ ತಿಂಡಿ ಮತ್ತು ಊರಿನವರು ಉಂಡ ಊಟ, ಈ ಎರಡರ ಚರಿತ್ರೆಯನ್ನೂ ಹೇಳಬೇಕಾಗುತ್ತದೆ.

ಇದು ಹಳೆಯ ದಾರಿ. ಟಿಪ್ಪು ಮಡಿದ ಮರುವರ್ಷ, 1800ರಲ್ಲಿ, ಮದ್ರಾಸಿನಿಂದ ಹೊರಟ ಫ್ರಾನ್ಸಿಸ್ ಬುಕಾನನ್ ಶ್ರೀರಂಗಪಟ್ಟಣ ತಲುಪಿದ್ದು ಇದೇ ದಾರಿಯಲ್ಲಿ. ಆ ಕಾಲದ ಪ್ರಯಾಣಿಕರು ಹೋಟೆಲು ಹುಡುಕುತ್ತಿರಲಿಲ್ಲ. ಬುತ್ತಿ ಕಟ್ಟಿಕೊಂಡು ಹೊರಡುತ್ತಿದ್ದರು, ಛತ್ರಗಳಲ್ಲಿ ತಂಗುತ್ತಿದ್ದರು, ಬೇಸಗೆಯಲ್ಲಿ ಅರವಟ್ಟಿಗೆಯ ನೀರುಮಜ್ಜಿಗೆ ಕುಡಿದು ಮುಂದೆ ನಡೆಯುತ್ತಿದ್ದರು. ಅನ್ನವನ್ನು ಮಾರಬಾರದು ಎಂಬ ನಂಬಿಕೆ ಗಟ್ಟಿಯಾಗಿದ್ದ ಕಾಲವದು. ಅನ್ನ ದಾನವಾಗಿದ್ದರೂ ಅದು ಎಲ್ಲರಿಗೂ ಒಂದೇ ಪಂಕ್ತಿಯಲ್ಲಿ ಸಿಗುತ್ತಿರಲಿಲ್ಲ. ಯಾರು ಒಳಗೆ, ಯಾರು ಜಗುಲಿಯಲ್ಲಿ, ಯಾರು ಮರದ ಕೆಳಗೆ ಎಂಬುದನ್ನು ಜಾತಿ ತೀರ್ಮಾನಿಸುತ್ತಿತ್ತು.

ಈ ವ್ಯವಸ್ಥೆಯನ್ನು ಅಲುಗಾಡಿಸಿದ್ದು ರೈಲು. ಅದರ ಹಿಂದೆಯೂ ಒಂದು ಹಸಿವಿನ ಕಥೆಯಿದೆ. ಧಾತು, ಈಶ್ವರ ಸಂವತ್ಸರಗಳ, ಅಂದರೆ 1876–78ರ ಮಹಾಬರದಲ್ಲಿ ಮೈಸೂರು ಸಂಸ್ಥಾನದ ಲಕ್ಷಾಂತರ ಜನ ಸತ್ತರು. ಬದುಕುಳಿದವರಿಗೆ ಕೂಲಿ ಕೊಡಲು ಕೈಗೆತ್ತಿಕೊಂಡ ಬರಪರಿಹಾರದ ಕಾಮಗಾರಿಗಳಲ್ಲಿ ಬೆಂಗಳೂರು–ಮೈಸೂರು ರೈಲುಹಾದಿಯೂ ಒಂದು. 1881–82ರ ಹೊತ್ತಿಗೆ ಮೀಟರ್ ಗೇಜ್ ಹಳಿಯ ಮೇಲೆ ಗಾಡಿ ಓಡತೊಡಗಿತು. ಹೊಟ್ಟೆಗಿಲ್ಲದವರು ಮಣ್ಣು ಹೊತ್ತು ಕಟ್ಟಿದ ಹಾದಿಯಲ್ಲೇ ಮುಂದೆ ಕನ್ನಡ ನಾಡಿನ ಬಲು ಹೆಸರುವಾಸಿ ತಿಂಡಿಯೊಂದು ಹುಟ್ಟಿತು.

ಆ ಹುಟ್ಟಿನ ಕಥೆ ಬಹಳ ಮಂದಿಗೆ ಗೊತ್ತು. 1917ರಲ್ಲಿ ಮದ್ದೂರು ನಿಲ್ದಾಣದಲ್ಲಿ ತಿಂಡಿ ಮಾಡಿ ಮಾರುತ್ತಿದ್ದ ರಾಮಚಂದ್ರ ಬುಧ್ಯ ಅವರು ಒಂದು ದಿನ ರೈಲಿಗೆ ಸರಿಯಾಗಿ ಪಕೋಡ ಕರಿದು ಮುಗಿಸುವಷ್ಟು ಹೊತ್ತು ಇಲ್ಲದೆ, ಅದೇ ಹಿಟ್ಟನ್ನು ಕೈಯಲ್ಲಿ ತಟ್ಟಿ ಚಪ್ಪಟೆ ಮಾಡಿ ಎಣ್ಣೆಗೆ ಬಿಟ್ಟರಂತೆ. ಈ ಕಥೆಯನ್ನು ಮಾತಿನಿಂದ ಮಾತಿಗೆ ಬಂದದ್ದೆಂದೇ ಇಟ್ಟುಕೊಂಡರೂ ವಡೆಯ ಮೈಯಲ್ಲಿ ಅದಕ್ಕೆ ಸಾಕ್ಷಿಯಿದೆ. ರವೆ, ಅಕ್ಕಿಹಿಟ್ಟು, ಮೈದಾ, ಈರುಳ್ಳಿ, ಹಸಿಮೆಣಸಿನಕಾಯಿ, ಕರಿಬೇವು: ಯಾವುದನ್ನೂ ರಾತ್ರಿಯೇ ನೆನೆಹಾಕಬೇಕಿಲ್ಲ, ರುಬ್ಬಬೇಕಿಲ್ಲ. ಉದ್ದಿನವಡೆಯಂತೆ ಆರಿದ ಕೂಡಲೇ ಮಂಕಾಗುವುದಿಲ್ಲ. ಎಲೆ ಬೇಡ, ಸಾಂಬಾರ್ ಬೇಡ, ಕೂರಲು ಬೆಂಚೂ ಬೇಡ. ಉಗಿಬಂಡಿ ನಿಂತಷ್ಟು ಹೊತ್ತಿನಲ್ಲಿ ಕೊಂಡು, ಅದು ಹೊರಟ ಮೇಲೆ ತಿನ್ನಬಹುದು. ನಿಲುಗಡೆಯ ಅಳತೆಗೇ ಹೊಲಿದಂಥ ತಿಂಡಿ.

ಅದರ ಎದುರು ಮುದ್ದೆಯನ್ನಿಟ್ಟು ನೋಡಿ. ಎಸರು ಕುದಿಯಬೇಕು, ಹಿಟ್ಟು ಬೇಯಬೇಕು, ಕೋಲಿನಲ್ಲಿ ಗಂಟಿಲ್ಲದಂತೆ ತಿರುವಬೇಕು, ಬಿಸಿ ಆರುವ ಮೊದಲೇ ಕಟ್ಟಬೇಕು. ಉಣ್ಣುವವನು ನೆಮ್ಮದಿಯಾಗಿ ಕೂತು, ಮುರಿದು, ಸಾರಿನಲ್ಲಿ ಹೊರಳಿಸಿ ನುಂಗಬೇಕು. ಕಾಗದದಲ್ಲಿ ಕಟ್ಟಿ ಬುಟ್ಟಿಯಲ್ಲಿಟ್ಟು ಕೂಗಿ ಮಾರುವ ವಸ್ತುವಲ್ಲ ಅದು. ಹಾಗಾಗಿ ರೈಲು ಮುದ್ದೆಯನ್ನು ಹತ್ತಿಸಿಕೊಳ್ಳಲಿಲ್ಲ.

ಕಾರಣ ಇದೊಂದೇ ಆಗಿದ್ದರೆ ಈ ಲೇಖನ ಅಡುಗೆಯ ಮಾತಾಗಿಯೇ ಮುಗಿಯುತ್ತಿತ್ತು. ಕಾಸು ಕೊಟ್ಟು ತಿನ್ನುವ ಜಾಗಗಳು ಮೊದಮೊದಲು ತೆರೆದಾಗ ಬಾಗಿಲಲ್ಲೇ ಜಾತಿ ನಿಂತಿತ್ತು. ಹಳೇ ಮೈಸೂರಿನ ಎಷ್ಟೋ ಹೋಟೆಲುಗಳಲ್ಲಿ ಬ್ರಾಹ್ಮಣರಿಗೆ ಬೇರೆ ಕೋಣೆಯಿತ್ತು. ದಲಿತರಿಗೆ ಒಳಗೆ ಜಾಗವೇ ಇರಲಿಲ್ಲ. ಹಳ್ಳಿಯ ಕಾಫಿ ಅಂಗಡಿಗಳಲ್ಲಿ ಅವರ ಲೋಟ ಬೇರೆ, ಅದನ್ನು ತೊಳೆದಿಡಬೇಕಾದವರೂ ಅವರೇ. 1934ರ ಜನವರಿಯಲ್ಲಿ ಗಾಂಧೀಜಿ ತಮ್ಮ ಹರಿಜನ ಯಾತ್ರೆಯಲ್ಲಿ ಮಂಡ್ಯ, ಮದ್ದೂರುಗಳ ಮೂಲಕ ಹಾದುಹೋದಾಗ ಬಾವಿಯ ನೀರು ಮತ್ತು ದೇಗುಲದ ಬಾಗಿಲು ದೊಡ್ಡ ಪ್ರಶ್ನೆಗಳಾಗಿದ್ದವು. ಹೋಟೆಲಿನ ಬಾಗಿಲೂ ಅದೇ ಸಾಲಿನದು. 1950ರಲ್ಲಿ ಜಾರಿಗೆ ಬಂದ ಸಂವಿಧಾನ ತನ್ನ 15ನೇ ವಿಧಿಯಲ್ಲಿ ಅಂಗಡಿ, ಹೋಟೆಲು, ಬಾವಿ, ಕೆರೆಗಳನ್ನು ಒಟ್ಟಿಗೇ ಹೆಸರಿಸಿ, ಜಾತಿಯ ಕಾರಣಕ್ಕೆ ಯಾರನ್ನೂ ತಡೆಯಬಾರದು ಎಂದಿತು. ಮಸಾಲೆ ದೋಸೆ ತಿನ್ನುವ ಹಕ್ಕು ಸಂವಿಧಾನದಲ್ಲಿದೆ ಎಂದರೆ ನಗಬೇಡಿ, ಇದೆ.

ಮಂಡ್ಯದ ಕಥೆ ಶುರುವಾಗುವುದು ರೈಲಿನಿಂದಲ್ಲ, ನೀರಿನಿಂದ. 1911ರಲ್ಲಿ ಆರಂಭವಾದ ಕನ್ನಂಬಾಡಿ ಕಟ್ಟೆ ಎರಡು ದಶಕಗಳ ನಂತರ ಮುಗಿಯಿತು. ಇಂದು ವಿಶ್ವೇಶ್ವರಯ್ಯ ನಾಲೆ ಎನ್ನುವ ಆಗಿನ ಇರ್ವಿನ್ ನಾಲೆಯಲ್ಲಿ ನೀರು ಹರಿದು, ರಾಗಿ ಬೆಳೆಯುತ್ತಿದ್ದ ಹೊಲಗಳು ಗದ್ದೆಯಾದವು. 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾಯಿತು. 1939ರಲ್ಲಿ ಮಂಡ್ಯ ಜಿಲ್ಲೆಯಾಯಿತು. ಕಬ್ಬಿನ ಗಾಡಿ ಹೊಡೆದುಕೊಂಡು ಬಂದವರು ಸರದಿಗಾಗಿ ಕಾಯಬೇಕು, ಪಾಳಿ ಮುಗಿಸಿದ ಕಾರ್ಮಿಕರು ಉಣ್ಣಬೇಕು, ಕೋರ್ಟು ಕಚೇರಿಗೆ ಬಂದ ರೈತರು ಸಂಜೆಯವರೆಗೂ ಇರಬೇಕು. ಇವರು ಎರಡು ನಿಮಿಷ ನಿಂತು ಹೊರಡುವ ಪ್ರಯಾಣಿಕರಲ್ಲ. ಹೊಟ್ಟೆತುಂಬ ಉಣ್ಣುವ, ಊರಿನ ರುಚಿಯನ್ನೇ ಕೇಳುವ ಗಿರಾಕಿಗಳು. ಮುದ್ದೆ ಬೀದಿಗೆ ಬಂದದ್ದು ಇಂಥವರ ಹಸಿವಿನಿಂದ. ಇಂದು ಪೇಟೆಯ ಸಣ್ಣ ಮೆಸ್ಸುಗಳಲ್ಲಿ ಸಿಗುವ ಮುದ್ದೆ ಉಪ್ಸಾರಿನ ತಟ್ಟೆಯ ಅಂಚಿನಲ್ಲಿ ಒಂದು ಬೊಟ್ಟು ಖಾರ ಇರುತ್ತದಲ್ಲ, ಅದನ್ನು ಯಾವ ರೈಲೂ ತಂದದ್ದಲ್ಲ.

ಮಳವಳ್ಳಿಗೆ ರೈಲು ಬರಲೇ ಇಲ್ಲ. ಅದು ಮದ್ದೂರಿನಿಂದ ಕೊಳ್ಳೇಗಾಲಕ್ಕೆ, ಶಿವನಸಮುದ್ರಕ್ಕೆ ಹೋಗುವ ದಾರಿಯ ಊರು. ಆದರೆ ದಕ್ಷಿಣ ಕರ್ನಾಟಕದ ಮಾಂಸದೂಟಕ್ಕೆ ಈ ತಾಲ್ಲೂಕು ಕೊಟ್ಟದ್ದು ಮದ್ದೂರಿನ ವಡೆಗಿಂತ ಕಡಿಮೆಯದಲ್ಲ. ಬನ್ನೂರು ಕುರಿ ಎಂದು ಹೆಸರಾದ, ಮಂಡ್ಯ ಕುರಿ ಎಂದೂ ಕರೆಯುವ ಗಿಡ್ಡ ಕಾಲಿನ, ಮೈತುಂಬಿಕೊಂಡ ತಳಿಯ ಮೂಲ ಈ ತಾಲ್ಲೂಕಿನ ಬಂಡೂರು. ಅದರ ಮಾಂಸ ಮೆದು, ಕೊಬ್ಬು ಹದವಾಗಿ ಬೆರೆತದ್ದು. ಮಿಲಿಟರಿ ಹೋಟೆಲುಗಳ ಬೋಟಿ, ತಲೆಮಾಂಸ, ಕಾಲುಸೂಪು, ಮುದ್ದೆ ಈ ಸೀಮೆಯವರ ಹಬ್ಬದೂಟವನ್ನು ವಾರದ ದಿನಕ್ಕೂ ತಂದವು. ಊರಿನವರ ಊಟಕ್ಕೆ ಸ್ವಂತ ಬೋರ್ಡು ಸಿಕ್ಕಿದ್ದು ಅಲ್ಲಿ.

ಬೋರ್ಡು ಸಿಕ್ಕಿತು, ಮರ್ಯಾದೆ ಪೂರ್ತಿ ಸಿಗಲಿಲ್ಲ. 2024ರ ಡಿಸೆಂಬರಿನಲ್ಲಿ ಮಂಡ್ಯದಲ್ಲಿ ನಡೆದ 87ನೇ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನದ ಮಳಿಗೆಗಳ ಷರತ್ತಿನಲ್ಲಿ ಮದ್ಯ, ತಂಬಾಕಿನ ಜೊತೆ ಮಾಂಸಾಹಾರವನ್ನೂ ನಿಷೇಧದ ಪಟ್ಟಿಗೆ ಸೇರಿಸಲಾಗಿತ್ತು. ಬಾಡೂಟವೂ ಬೇಕು ಎಂಬ ಕೂಗು ಎದ್ದದ್ದು ಆಗ. ಕೆಲವರು ಅದನ್ನು ನಾಲಿಗೆಚಪಲವೆಂದು ನಕ್ಕರು. ಈ ಸೀಮೆಯ ಹೋಟೆಲುಗಳ ಚರಿತ್ರೆ ಬಲ್ಲವರಿಗೆ ಅದು ಚಪಲವಾಗಿ ಕಾಣುವುದು ಕಷ್ಟ. ಅತಿಥಿಗೆ ಬಡಿಸಲು ಯೋಗ್ಯವಾದದ್ದು ಯಾವುದು, ಮನೆಯೊಳಗೇ ಇರಬೇಕಾದದ್ದು ಯಾವುದು ಎಂದು ತೀರ್ಮಾನಿಸುವವರು ಯಾರು ಎಂಬ ಹಳೆಯ ಪ್ರಶ್ನೆಯೇ ಅಲ್ಲಿ ಮತ್ತೆ ಎದ್ದಿತ್ತು.

ಇತ್ತ ದಾರಿಯೂ ಬದಲಾಗಿದೆ. ಉಗಿಬಂಡಿ ಹೋದ ಮೇಲೆ ಹೆದ್ದಾರಿಯ ಬಸ್ಸು, ಕಾರುಗಳಿಗೆ ಮದ್ದೂರ್ ಟಿಫಾನೀಸ್‌ನಂಥ ಹೋಟೆಲುಗಳು ನಿಲುಗಡೆಯಾಗಿದ್ದವು. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಹೊಸ ಹೆದ್ದಾರಿ ಮದ್ದೂರು, ಮಂಡ್ಯಗಳನ್ನು ಬದಿಗಿಟ್ಟು ಹಾದುಹೋಗುತ್ತದೆ. ನಿಲ್ಲದವನಿಗೆ ವಡೆ ಮಾರುವುದು ಹೇಗೆ? ಹಳೆಯ ರಸ್ತೆಯ ಹೋಟೆಲು, ಎಳನೀರಿನ ರಾಶಿ, ಕಬ್ಬಿನ ಹಾಲಿನ ಗಾಣ ಎಲ್ಲಕ್ಕೂ ಇದು ಹೊಟ್ಟೆಪಾಡಿನ ಪ್ರಶ್ನೆ. ಅದೇ ವರ್ಷದ ಆಗಸ್ಟ್‌ನಿಂದ ಬೈಕು, ಆಟೋ, ಟ್ರ್ಯಾಕ್ಟರುಗಳಿಗೆ ಹೊಸ ಹೆದ್ದಾರಿಯ ಮುಖ್ಯಪಥದಲ್ಲಿ ಪ್ರವೇಶವಿಲ್ಲ. ಕಬ್ಬು ತುಂಬಿದ ಟ್ರ್ಯಾಕ್ಟರಿನವನು, ಸಂತೆಗೆ ಹೊರಟ ಬೈಕಿನವನು ಪಕ್ಕದ ದಾರಿಯಲ್ಲೇ ಉಳಿದರು. ದಾರಿಹೋಕ ಮೇಲೆ ಹೋದ, ಊರಿನವನು ಕೆಳಗೆ ನಿಂತ.

ಹಾಗಾಗಿ ಎಲ್ಲಿ ತಿನ್ನಬೇಕೆಂದು ಕೇಳುವವರಿಗೆ ಹೇಳಬಹುದಾದದ್ದು ಇಷ್ಟು: ಮೊದಲು ಹೆದ್ದಾರಿಯಿಂದ ಇಳಿಯಿರಿ. ಮದ್ದೂರಿನಲ್ಲಿ ವಡೆ ತಿನ್ನಿ, ಆದರೆ ಅಷ್ಟಕ್ಕೇ ಹೊರಡಬೇಡಿ. ನಾಡಿನ ನಾನಾ ಕಡೆಗೆ ಲಾರಿಗಟ್ಟಲೆ ಹೋಗುವ ಎಳನೀರನ್ನು ಅದು ಬೆಳೆದಲ್ಲೇ ಕುಡಿಯಿರಿ. ಮಂಡ್ಯದ ಸಣ್ಣ ಮೆಸ್ಸಿನಲ್ಲಿ ಮಧ್ಯಾಹ್ನ ಮುದ್ದೆಗೆ ಕೂರಿ. ಬಾಡು ತಿನ್ನುವವರು ಮಳವಳ್ಳಿಯವರೆಗೂ ಹೋಗಿ. ಎದುರಿಗೆ ಕೂತವರು ಎಲ್ಲಿಯವರು, ಯಾರ ಮಗ ಎಂದು ಕೇಳಿದರೆ ಬೇಸರಪಡಬೇಡಿ, ಇಲ್ಲಿ ಅದು ಮಾತು ಶುರುಮಾಡುವ ರೀತಿ. ನಿಮ್ಮ ಜಾತಿ ಕೇಳಿದರೆ ಮಾತ್ರ ಸಂವಿಧಾನದ 15ನೇ ವಿಧಿಯನ್ನು ನೆನಪಿಸಿ, ಇನ್ನೊಂದು ಮುದ್ದೆ ಹಾಕಿಸಿಕೊಳ್ಳಿ.